ಇಲ್ಲದ ಸೀಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದನ್ನು ಮುಚ್ಚಿಡುವ ವಯಸ್ಸೂ ದಾಟಿತು.

ಕುಂದಾಪುರದ ನಮ್ಮ ಮನೆಯ ಕಪಾಟಿನ ತುಂಬ ಗಡ್ಡದ ಸೋಪು ಕಲಸುವ ಹಳೆಯ ಪಿಂಗಾಣಿ ಮಗ್ಗುಗಳಿವೆ. ಹಿಂದೆ ಪರದೇಶದ ಕ್ಷೌರದಂಗಡಿಗಳಲ್ಲಿ ಗಿರಾಕಿಗಳು ತಮ್ಮ ಕಸುಬಿನ ಚಿತ್ರ ಬರೆಸಿದ ಮಗ್ಗು ಇಟ್ಟಿರುತ್ತಿದ್ದರಂತೆ. ನನ್ನಲ್ಲಿ ದರ್ಜಿಯದಿದೆ, ಕಟುಕನದಿದೆ, ರೈಲು ಓಡಿಸುವವನದೂ ಇದೆ. ಬೆಂಕಿ ಆರಿಸುವವನದು ಮಾತ್ರ ಇಲ್ಲ. ಬ್ರಹ್ಮಾವರದ ಗೆಳೆಯನಲ್ಲಿ ಅಂಥವು ಎರಡಿವೆ. ಬೆಳಗಾದರೆ ವಾಟ್ಸಾಪಿನಲ್ಲಿ ಅವುಗಳದೇ ಫೋಟೊ. ನೋಡಿದ ದಿನ ನನಗೆ ತಿಂಡಿ ರುಚಿಸುವುದಿಲ್ಲ.

ಹೋದ ವರ್ಷ ಬಿಜೂರಿನಲ್ಲಿ ಒಂದು ಪೂಜೆಯ ಊಟ ಮುಗಿಸಿ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಕಿಟಕಿಯಲ್ಲಿ ಬಾಚಣಿಗೆಗಳನ್ನು ನಿಲ್ಲಿಸಿದ್ದ ಬಿಳಿ ಮಗ್ಗು. ಅದರ ಮೇಲೆ ಕುದುರೆ ಕಟ್ಟಿದ, ಬೆಂಕಿ ಆರಿಸುವ ಗಾಡಿ! ಎದ್ದು ಹೋಗಿ ಬಗ್ಗಿ ನೋಡಿದೆ.

"ಅದ್ ನಮ್ ಮಾವಂದ್. ಅವ್ರ್ ಬೊಂಬಾಯಗೆ ಫಾಯರ್ ಬ್ರಿಗೇಡಗೆ ಇದ್ದಿರ್" ಎಂದರು ಮನೆಯ ಅಮ್ಮ.

ಆಸೆ ತೋರಿಸಿದರೆ ಕೆಟ್ಟಿತು ಎಂದುಕೊಂಡು ಮುಖ ಸಿಂಡರಿಸಿದೆ. "ಸೀಳ್ ಬಿಟ್ಟಿತ್ತಲೆ ಅಮ್ಮ. ಇನ್ ಎಂತಕ್ಕೂ ಆತಿಲ್ಲ" ಎಂದೆ. ಮುಂದಿನ ವಾರ ಬಂದು, ಬೇಡದ ವಸ್ತು ಎಂಬಂತೆ ಕೇಳಿ ಒಯ್ಯುವ ಉಪಾಯ. ಆಕೆಯ ಮುಖ ಸಣ್ಣದಾಯಿತು. ಅದನ್ನು ನಾನು ಕಂಡೆ, ಕಂಡೂ ಚಪ್ಪಲಿ ಮೆಟ್ಟಿ ಹೊರಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಒಮ್ಮೆಯಾದರೂ ಗೆಳೆಯನ ಹೊಟ್ಟೆ ಉರಿಯಲಿ ಎಂದು ದಾರಿಯಲ್ಲೇ ಅವನಿಗೆ ಫೋನು ಹಚ್ಚಿ, ಊರು, ಮನೆ ಎಲ್ಲ ಕೊಚ್ಚಿಕೊಂಡೆ.

ಮುಂದಿನ ವಾರ ಹೋದಾಗ ಬಾಚಣಿಗೆಗಳು ಗಾಜಿನ ಬಾಟಲಿಯಲ್ಲಿದ್ದವು.

"ನಿಮ್ ದೋಸ್ತಿಗೆ ಕೊಟ್ಟೆ" ಎಂದರು ಅಮ್ಮ. "ಮಾವನ ಕತಿ ಎಲ್ಲ ಕೂಕಂಡ್ ಕೇಂಡ್ರ್. ನಿಮ್ಗೆ ಅದ್ ಬ್ಯಾಡ ಅಲ್ದಾ?"

ತಿಂಗಳ ಮೇಲೆ ಬ್ರಹ್ಮಾವರಕ್ಕೆ ಹೋದೆ. ಹೋಗಬಾರದಿತ್ತು, ಆದರೆ ನೋಡದೆ ಇರಲಾಗಲಿಲ್ಲ. ಆ ಮಾವ ಉರಿಯುವ ಹತ್ತಿಯ ಗೋದಾಮಿಗೆ ನುಗ್ಗಿ ಇಬ್ಬರನ್ನು ಹೊತ್ತು ತಂದದ್ದು, ಬ್ರಿಗೇಡಿನ ಇಂಗ್ಲಿಷ್ ಸಾಹೇಬ ತನ್ನ ಮಗ್ಗನ್ನೇ ಅವರ ಕೈಗಿತ್ತದ್ದು, ಎಲ್ಲವನ್ನೂ ಗೆಳೆಯ ಹೇಳಿದ. ಅವನ ಮನೆಯ ಅಜ್ಜನೇನೋ ಎಂಬಷ್ಟು ಹೆಮ್ಮೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆಮೇಲೆ ಮಗ್ಗನ್ನು ನನ್ನ ಕೈಗಿತ್ತ.

"ಹ್ವಾಯ್, ನೀವ್ ಸೀಳ್ ಇತ್ತ್ ಅಂದದ್ದಕ್ಕೆ ಆ ಅಮ್ಮಂಗೆ ಬಾಳ ಬೇಜಾರ್ ಮರಾಯ್ರೆ. ನಂಗಂತೂ ಕಾಂತಿಲ್ಲ. ಎಲ್ಲಿತ್ತ್, ತೋರ್ಸಿ ಕಾಂಬ?"

ನಾನು ಕನ್ನಡಕ ಹಾಕಿಕೊಂಡೆ. ಮಗ್ಗನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಹುಡುಕಿದೆ. ಎಲ್ಲಾದರೂ ಕೂದಲೆಳೆಯಷ್ಟು ಸೀಳು ಸಿಗಲಿ ದೇವರೇ ಎಂದು ನಿಜಕ್ಕೂ ಬೇಡಿಕೊಂಡೆ.