ಸ್ಲೈಡಿನ ಮೇಲಿನ ಕೆಂಪು

ಸಹಕಾರನಗರದ ಲ್ಯಾಬಿನ ಟೆಕ್ನಿಷಿಯನ್ ಅಕ್ಕ ದಿನವೂ ಬಾಗಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಏನು ಕೇಳಿದರೂ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ, "ಡಾಕ್ಟ್ರು ನೋಡ್ಲಿ ಕಣಮ್ಮ, ನಾನು ಬಣ್ಣ ಹಾಕೋಳು ಅಷ್ಟೇ" ಎನ್ನುತ್ತಿದ್ದರು.

ನನ್ನ ಜನನಾಂಗದ ಹೊರತುಟಿಯ ಮೇಲೆ ಕಪ್ಪು ಮಚ್ಚೆಯೊಂದು ಹರಡುತ್ತಿತ್ತು. ಅದರ ಚೂರು ಪರೀಕ್ಷೆಗೆ ಹೋಗಿರುವುದು ಗಂಡನಿಗೂ ಗೊತ್ತಿರಲಿಲ್ಲ. ದೇವಸ್ಥಾನಕ್ಕೆಂದು ಹೇಳಿ ಬಂದು ಲ್ಯಾಬಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಏನೂ ತೀರ್ಮಾನವಾಗದೆ ಡಾಕ್ಟರು ಇನ್ನೊಂದು ಪರೀಕ್ಷೆಗೆ ಬರೆದಿದ್ದರು.

"ಮಚ್ಚೆ ಹೊರಗೆ ಕಪ್ಪಿದ್ರೂ ಸ್ಲೈಡಲ್ಲಿ ಕಂದಾಗೇ ಕಾಣುತ್ತೆ. ಅದ್ರ ಮೇಲೆ ಕಂದು ಬಣ್ಣ ಹಾಕಿದ್ರೆ ಗೊತ್ತಾಗಲ್ಲ, ಅದಕ್ಕೇ ಕೆಂಪು ಹಾಕ್ತೀವಿ. ಕ್ಯಾನ್ಸರ್ ಇದ್ರೆ ಕೆಂಪಾಗುತ್ತೆ" ಎಂದು ಅಕ್ಕನೇ ಹೇಳಿದ್ದರು.

ಚೂರನ್ನಿಟ್ಟು ಬಣ್ಣ ಹಾಕಿದ ಗಾಜಿನ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಅವರ ರೂಢಿ. ನಾಲ್ಕನೆಯ ದಿನ ನನ್ನ ಸ್ಲೈಡನ್ನೂ ಹಾಗೇ ಹಿಡಿದರು. ಅದರಲ್ಲಿ ಕೆಂಪು ಚುಕ್ಕೆ ಕಂಡಿತು. "ಅದು ನಂದಾ ಅಕ್ಕಾ?" ಎಂದೆ.

"ಅಯ್ಯೋ, ಅದು ನಿಮ್ದಲ್ಲ ಕಣಮ್ಮ! ಬಣ್ಣ ಸರಿಯಾಗಿ ಕೂತಿದ್ಯಾ ಅಂತ ನೋಡಕ್ಕೆ, ಕ್ಯಾನ್ಸರ್ ಅಂತ ಗೊತ್ತಿರೋ ಚೂರೊಂದನ್ನ ಇಂಗೆ ಪಕ್ಕದಲ್ಲಿ ಇಟ್ಟಿರ್ತೀವಿ. ನಿಮ್ದು ಈ ಕಡೆದು."

ಈ ಕಡೆಯದರಲ್ಲಿ ಕೆಂಪಿರಲಿಲ್ಲ. ಹಾಗಾದರೆ ನನಗೇನೂ ಇಲ್ಲವೇ ಎಂದೆ. ಅಕ್ಕ ಕನ್ನಡಕ ಒರೆಸಿದರು. "ಡಾಕ್ಟ್ರು ನೋಡ್ಲಿ."

"ಆ ಕೆಂಪು ಚೂರು ಯಾರ್ದಕ್ಕಾ?"

ಅವರು ಸ್ಲೈಡನ್ನು ಮೆಲ್ಲಗೆ ಟ್ರೇಯಲ್ಲಿಟ್ಟರು. "ನಿಮ್ಮಂಗೇ ಬಂದಿದ್ರು. ಅದೇ ಬೆಂಚ್ ಮೇಲೆ ಕೂತ್ಕೊಳ್ಳೋರು."

ಮರುದಿನ ವರದಿ ಬಂತು: ಸಾದಾ ಮಚ್ಚೆ. ಆ ಬೆಂಚಿನ ಮೇಲೆ ಕೂರಲಾಗದೆ ನಾನು ಅದನ್ನು ನಿಂತೇ ಓದಿದೆ.