ಮೂವತ್ತೊಂದನೇ ಟ್ಯೂಬು

ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು ‘ಎರಡ್ಸಲ’. ಯಾವ ರಕ್ತವನ್ನೂ ಒಂದೇ ಸಲ ಪರೀಕ್ಷಿಸಿ ಸಹಿ ಹಾಕಿದವಳಲ್ಲ. ಬಂದದ್ದನ್ನು ಎರಡು ಪುಟ್ಟ ಟ್ಯೂಬುಗಳಿಗೆ ಹಂಚಿ ಒಂದನ್ನು ಕೆಲಸಕ್ಕೆ, ಇನ್ನೊಂದನ್ನು ಫ್ರೀಜರಿಗೆ ಹಾಕುವಳು. ಮನೆಗೆ ಬೀಗ ಹಾಕಿದ ಮೇಲೆ ಬೀದಿಯ ತಿರುವಿನಿಂದ ವಾಪಸು ಬಂದು ಮತ್ತೊಮ್ಮೆ ಜಗ್ಗಿ ನೋಡುವಳು.

“ಅಕ್ಕಾ, ನಿನ್ನ ಮದುವೆಯಾಗೋನು ಎರಡು ಸಲ ಹೂಂ ಅನ್ನಬೇಕೇನೋ,” ಎಂದು ತಂಗಿ ರೇಗಿಸುತ್ತಿದ್ದಳು.

ಅಂಥವನು ಸಿಗಲಿಲ್ಲ. ತಾಯಿ ಹೋದ ಮೇಲೆ ಆ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟು ಒಂಟಿಯಾಗಿಯೇ ಉಳಿದಳು. ಕಳೆದ ತಿಂಗಳು ಎರಡ್ಸಲಳೂ ತೀರಿಕೊಂಡಳು. ಮೇಜಿನ ಖಾನೆಯಲ್ಲಿ ಸಿಕ್ಕಿದ ಅವಳ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲಿನ ಮೇಲೆ ಕೆಂಪು ಗೆರೆ ಇದೆ. ಜೀವಮಾನದಲ್ಲಿ ಅವಳು ಎರಡನೇ ಸಲ ನೋಡದೆ ಬಿಟ್ಟ ಒಂದೇ ಸಾಲು ಅದು.

ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಬೆಕ್ಕಿನ ಮಲದಿಂದಲೋ, ಅರೆಬೆಂದ ಮಾಂಸದಿಂದಲೋ, ತೊಳೆಯದ ಸೊಪ್ಪಿನಿಂದಲೋ ಮೈ ಸೇರುತ್ತದೆ. ಬಹಳ ಮಂದಿಗೆ ಅದು ಬಂದದ್ದೂ ತಿಳಿಯುವುದಿಲ್ಲ. ಬಸಿರಿನಲ್ಲಿ ಹೊಸದಾಗಿ ಬಂದರೆ ಮಾತ್ರ ಮಗುವಿನ ಕಣ್ಣಿಗೆ, ಮಿದುಳಿಗೆ ಕುತ್ತು. ಬಸಿರಿಗೆ ಮುಂಚೆಯೇ ಬಂದು ಹಳತಾಗಿದ್ದರೆ ಹೆದರಬೇಕಿಲ್ಲ. ರಕ್ತದಲ್ಲಿ ಹುಡುಕುವುದು ಎರಡು ಬಗೆಯ ಪ್ರತಿಕಾಯಗಳನ್ನು: ಮೊದಲು ಬರುವ ಐಜಿಎಂ, ಆಮೇಲೆ ಬಂದು ಕಡೆಯವರೆಗೂ ಉಳಿಯುವ ಐಜಿಜಿ. ಮೊದಲು ಬಂದದ್ದು ಬೇಗ ಹೊರಟುಹೋಗಬೇಕು. ಕೆಲವರ ಮೈಯಲ್ಲಿ ಅದು ಬೇಡದ ನೆಂಟನ ಹಾಗೆ ವರ್ಷಗಟ್ಟಲೆ ಜಾಗ ಬಿಟ್ಟು ಏಳುವುದಿಲ್ಲ.

ತಂಗಿ ಬಸುರಿಯಾಗುವ ಎರಡು ವರ್ಷ ಮುಂಚೆ ಈ ಪರೀಕ್ಷೆಯ ಹೊಸ ಕಿಟ್ ಒಂದನ್ನು ಒರೆಗೆ ಹಚ್ಚುವ ಕೆಲಸ ಎರಡ್ಸಲಳ ಪಾಲಿಗೆ ಬಂದಿತ್ತು. ಹಳೆಯ, ನಂಬಿಕಸ್ಥ ವಿಧಾನದಲ್ಲಿ ಪಾಸಿಟಿವ್ ಎಂದು ಗೊತ್ತಾದ ಇಪ್ಪತ್ತು ರಕ್ತ, ನೆಗೆಟಿವ್ ಎಂದು ಗೊತ್ತಾದ ಇಪ್ಪತ್ತು. ಹೊಸ ಕಿಟ್ ಇವನ್ನು ಸರಿಯಾಗಿ ಬೇರ್ಪಡಿಸುತ್ತದೆಯೇ ನೋಡಬೇಕು. ನೆಗೆಟಿವ್ ಒಂದು ಕಡಿಮೆ ಬಿತ್ತು. ತಂಗಿಯನ್ನು ಕರೆದು ಕೂರಿಸಿ ರಕ್ತ ತೆಗೆದು ಮೂವತ್ತೊಂದು ಎಂದು ನಂಬರು ಹಾಕಿದಳು. ಹಳೆಯ ವಿಧಾನದಲ್ಲಿ ನೋಡಲೇ ಇಲ್ಲ. ತನ್ನ ಕೈಯಲ್ಲಿ ಉಂಡು ಬೆಳೆದವಳು, ಅವಳಿಗೇನು ಬರುತ್ತದೆ!

ಹೊಸ ಕಿಟ್ಟಿನಲ್ಲಿ ಮೂವತ್ತೊಂದು ಐಜಿಎಂ, ಐಜಿಜಿ ಎರಡಕ್ಕೂ ಹಳದಿಯಾಯಿತು. ಹಳದಿ ಎಂದರೆ ಇದೆ ಎಂದು ಅರ್ಥ. ಅವಳು ತನ್ನ ಕೈಯನ್ನು ಅನುಮಾನಿಸಿದಳೇ ಹೊರತು ತಂಗಿಯ ರಕ್ತವನ್ನಲ್ಲ. ಪಾಸಿಟಿವ್ ಗುಂಪಿನ ಹದಿಮೂರರದ್ದನ್ನು ಕೈತಪ್ಪಿ ಇಲ್ಲಿಗೆ ಹಾಕಿರಬೇಕು ಎಂದುಕೊಂಡು ಕೆಂಪು ಗೆರೆ ಎಳೆದಳು. ಟ್ಯೂಬನ್ನು ಕಸಕ್ಕೆ ಹಾಕಿ, ಸಹೋದ್ಯೋಗಿಯೊಬ್ಬಳ ರಕ್ತ ಸೇರಿಸಿ ವರದಿ ಕೊಟ್ಟಳು. ಕಿಟ್ ಪಾಸಾಯಿತು.

ಎರಡು ವರ್ಷದ ಮೇಲೆ, ತಂಗಿಗೆ ಮೂರು ತಿಂಗಳು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಅದೇ ಕಿಟ್ಟಿನಲ್ಲಿ ಐಜಿಎಂ ಹಳದಿ, ಐಜಿಜಿ ಹಳದಿ. ಇನ್ನೊಮ್ಮೆ ಮಾಡಿದರೂ ಹಳದಿ. ಹೊಸದೋ ಹಳೆಯದೋ ಇದರಿಂದ ಹೇಳಲಾಗದು, ಬೇರೊಂದು ಪರೀಕ್ಷೆಗೆ ದೂರದ ಊರಿಗೆ ಕಳಿಸಬೇಕು, ಮೂರು ವಾರ ಬೇಕು ಎಂದರು ಡಾಕ್ಟರಮ್ಮ.

“ಮೂರೇ ವಾರ, ತಡಿಯೇ,” ಎಂದಳು ಅಕ್ಕ, ತಂಗಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು.

“ಅಷ್ಟರಲ್ಲಿ ಇದು ಅಲ್ಲಾಡೋಕೆ ಶುರು ಮಾಡುತ್ತೆ. ಆಮೇಲೆ ನನ್ನ ಕೈಲಿ ಆಗಲ್ಲ ಅಕ್ಕ. ಕಣ್ಣಿಲ್ಲದ ಮಗು ಹುಟ್ಟಿದ್ರೆ ನೀನು ಸಾಕ್ತೀಯಾ? ಗುರುವಾರ ತೆಗೆಸಿಬಿಡ್ತೀನಿ ಅಂತ ಹೇಳಿ ಬಂದಿದೀವಿ.”

“ಸಾಕ್ತೀನಿ. ನಿನ್ನ ಸಾಕ್ಲಿಲ್ವಾ?”

“ನನಗೆ ಕಣ್ಣಿತ್ತು.”

ತಂಗಿಯ ಗಂಡ ತಲೆ ಎತ್ತದೆ ಕೇಳಿದ: “ಅತ್ತಿಗೆ, ನೀವೇ ಅಲ್ವಾ ಎರಡು ಸಲ ಮಾಡಿದ್ದು?”



ಬುಧವಾರ ಬೆಳಗ್ಗೆ ಕೈಗವಸು ಏರಿಸಿಕೊಳ್ಳುತ್ತಿದ್ದಾಗ ಆ ಕೆಂಪು ಗೆರೆ ನೆನಪಾಯಿತು. ಅವತ್ತು ಕೈ ತಪ್ಪಿರದಿದ್ದರೆ? ಆ ಹಳದಿ ತಂಗಿಯದ್ದೇ ಆಗಿದ್ದರೆ, ರೋಗಾಣು ಬಂದು ಹೋಗಿ ಎರಡು ವರ್ಷದ ಮೇಲಾಯಿತು! ಆದರೆ ಟ್ಯೂಬು ಕಸಕ್ಕೆ ಹೋಗಿತ್ತು. ಉಳಿದಿದ್ದರೆ ಅದರ ಜೋಡಿ ಫ್ರೀಜರಿನಲ್ಲಿರಬೇಕು.

ಹಿಮ ಕಟ್ಟಿದ ಡಬ್ಬಗಳನ್ನು ಒಂದೊಂದಾಗಿ ಎಳೆದಳು. ಕೆಲವು ಚೀಟಿಗಳಲ್ಲಿ ಮಸಿ ಅಳಿಸಿಹೋಗಿತ್ತು. ಬೆರಳು ಮರಗಟ್ಟಿದವು, ಉಗುರಿನಿಂದ ಹಿಮ ಕೆರೆದಳು. ಇಪ್ಪತ್ತೊಂಬತ್ತು, ಮೂವತ್ತು, ಆಮೇಲೆ ಖಾಲಿ ಗೂಡು. ಡಬ್ಬ ಮುಚ್ಚಿ ಒಳಗಿಟ್ಟಳು. ಆಮೇಲೆ, ಅಭ್ಯಾಸಬಲದಿಂದ, ಅದೇ ಡಬ್ಬವನ್ನು ಮತ್ತೊಮ್ಮೆ ತಿರುವಿದಳು. ಗೂಡುಗಳ ಅಡಿಯಲ್ಲಿ, ಹಿಮಕ್ಕೆ ಅಂಟಿಕೊಂಡು, ಮೂವತ್ತೊಂದು ಎಂದು ಬರೆದ ಟ್ಯೂಬು ಅಡ್ಡ ಬಿದ್ದಿತ್ತು.

ಹಳೆಯ ವಿಧಾನದಲ್ಲಿ ಒಂದು ಸಲ, ಹೊಸ ಕಿಟ್ಟಿನಲ್ಲಿ ಒಂದು ಸಲ. ಎರಡರಲ್ಲೂ ಐಜಿಎಂ, ಐಜಿಜಿ ಎರಡೂ ಪಾಸಿಟಿವ್.

ಪ್ರಯೋಗಾಲಯದ ಮುಖ್ಯಸ್ಥರು ಓದಿ ಕನ್ನಡಕ ತೆಗೆದರು.

“ಟ್ಯೂಬಿನ ಮೇಲೆ ಬರೀ ನಂಬರಿದೆ, ಡಾಕ್ಟರು ನಂಬ್ತಾರಾ? ಇದು ನಿನ್ನ ತಂಗೀದೇ ಅಂತ ನಾವು ಬರೆದು ಕೊಡಬೇಕು.”

“ಬರೀತೀನಿ ಸರ್.”

“ಏನಂತ? ಪರೀಕ್ಷೆ ಮಾಡದ ರಕ್ತಾನ ನೆಗೆಟಿವ್ ಅಂತ ಸೇರಿಸಿದೆ, ಪಾಸಿಟಿವ್ ಬಂದಾಗ ಹೊಡೆದು ಹಾಕಿದೆ ಅಂತಾನಾ? ಎರಡು ವರ್ಷದಿಂದ ಊರಿಗೆಲ್ಲ ಈ ಕಿಟ್ ಮೇಲೇ ವರದಿ ಕೊಡ್ತಿದೀವಿ ಕಣಮ್ಮ. ಒಂದು ಗೆರೆ ಹೀಗೆ ಎಳೆದವಳು ಇನ್ನೆಷ್ಟು ಎಳೆದಿದಾಳೋ ಅಂತಾರೆ. ಈ ಮೇಜಿನ ಮುಂದೆ ಮತ್ತೆ ಕೂರಿಸಲ್ಲ ನಿನ್ನ.”

“ಗೊತ್ತು ಸರ್. ಪೆನ್ನು ಕೊಡಿ.”

ಅವಳು ಬರೆದಳು, ಅವರು ಸಹಿ ಹಾಕಿದರು. ಕಿಟ್ಟಿನ ಪರಿಶೀಲನೆ ಮೊದಲಿನಿಂದ ಶುರುವಾಯಿತು, ಬೇರೆಯವರ ಕೈಯಲ್ಲಿ. ಎರಡ್ಸಲ ಕಡೆಯವರೆಗೂ ಹೊರಗಿನ ಕಿಟಕಿಯಲ್ಲಿ ಕೂತು ಬಂದವರ ಹೆಸರು ಬರೆದುಕೊಂಡಳು. ಪ್ರತಿ ಹೆಸರನ್ನೂ ಕೇಳಿ, ಮತ್ತೆ ಓದಿ ಹೇಳಿ.

ಆ ಬುಧವಾರ ಸಂಜೆ ಡಾಕ್ಟರಮ್ಮನ ಚೀಟಿ ಹಿಡಿದು ತಂಗಿಯ ಮನೆಗೆ ಓಡಿದಳು. ಬಾಗಿಲ ಪಕ್ಕದಲ್ಲಿ ನಾಳೆಯ ಆಸ್ಪತ್ರೆಗೆಂದು ತುಂಬಿಟ್ಟ ಚೀಲ. ತಂಗಿ ಅದರ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು.

“ಹಳೇದು ಕಣೇ,” ಎಂದಳು ಅಕ್ಕ ಏದುಸಿರು ಬಿಡುತ್ತ. “ಎರಡು ವರ್ಷದ ಹಿಂದೇನೇ ಬಂದು ಹೋಗಿದೆ. ಮಗುಗೆ ಭಯ ಇಲ್ಲ ಅಂತ ಡಾಕ್ಟರಮ್ಮ ಬರೆದು ಕೊಟ್ಟಿದಾರೆ.”

ತಂಗಿ ಚೀಟಿ ಮುಟ್ಟಲಿಲ್ಲ. ಅಕ್ಕನ ಸೆರಗು ಹಿಡಿದುಕೊಂಡಳು.

“ಇನ್ನೊಂದ್ಸಲ ಹೇಳು.”