ಕಂಬದಮ್ಮ ಮತ್ತು ಹತ್ತೊಂಬತ್ತು ಎಳೆಯ ತಂತಿ

ಬಂದರಿನಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಕಂಬದಮ್ಮ ಎಂದು. ವಯಸ್ಸು ಅರವತ್ತೊಂದು, ಮೂವತ್ತು ವರ್ಷ ಬಟ್ಟೆ ಹೊಲಿದ ಕೈ, ಒಣಕಲು ಮೈ. ಗಂಡ ಬಸ್ ಓಡಿಸಿ ನಿವೃತ್ತನಾದವನು. ಆಳು ದಪ್ಪ, ಮಂಡಿಗೆ ಎರಡು ಸಲ ಆಪರೇಷನ್ ಆಗಿದೆ. ಹಾಯಿದೋಣಿಯೇ ಇಬ್ಬರ ಮನೆ: ಒಂದು ಮಂಚ, ಒಂದು ಒಲೆ, ಒಂದು ಮಡಚುವ ಮೇಜು, ಅದರ ಮೇಲೆ ಆಕೆಯ ಹೊಲಿಗೆ ಯಂತ್ರ. ಹದಿಮೂರು ಮೀಟರ್ ಎತ್ತರದ ಹಾಯಿಕಂಬ ಏರುವ ಕೆಲಸ ಯಾರ ತಲೆಗೆ ಬಂತೆಂದು ಬೇರೆ ಹೇಳಬೇಕೆ?

ದೂರ ಹೊರಡುವ ಮುನ್ನಾದಿನ ಆಕೆ ಕಂಬ ಏರಲೇಬೇಕು. ಕ್ಯಾನ್ವಾಸಿನ ಜೋಲಿಯಲ್ಲಿ ಕೂರುತ್ತಾಳೆ, ಕೆಳಗೆ ಗಂಡ ವಿಂಚ್ ತಿರುಗಿಸಿ ಹಗ್ಗ ಎಳೆಯುತ್ತಾನೆ. ಕಂಬ ಅತ್ತಿತ್ತ ವಾಲದಂತೆ ಹಿಡಿದಿರುವ ಉಕ್ಕಿನ ತಂತಿಗಳ ಮೇಲೆ ಹತ್ತಿಯ ಉಂಡೆ ಸವರುತ್ತ ಇಳಿಯುತ್ತಾಳೆ. ಎಲ್ಲಾದರೂ ಎಳೆ ತುಂಡಾಗಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಕನ್ನಡಕ ಮರೆತು ಹೋದರೂ ಕೆಲಸ ನಿಲ್ಲುವುದಿಲ್ಲ.

ತಲೆಗಿಂತ ಮೇಲಿನದು ಆಕೆಯ ಪಾಲು, ಕೆಳಗಿನದು ಗಂಡನ ಪಾಲು. ದೋಣಿ ಕೊಂಡ ವರ್ಷ ದೊಡ್ಡ ಜಗಳವಾಗಿ ಹಾಗೆಂದು ತೀರ್ಮಾನವಾಗಿತ್ತು. ಹಾಯಿ ಸಿಕ್ಕಿ ಹರಿಯಬಾರದು, ಉಪ್ಪುನೀರು ತಾಗಬಾರದು ಎಂದು ಗಂಡ ಎಂಟೂ ತಂತಿಗಳ ಬುಡಕ್ಕೆ ಬಿಳಿ ಟೇಪ್ ಸುತ್ತಿದ್ದ. ಎಷ್ಟು ನೀಟು ಅಂತೀರಿ! ಪಕ್ಕದ ದೋಣಿಯವರು ಬಂದು ನೋಡಿ ಹೊಗಳುತ್ತಿದ್ದರು. ಅದನ್ನು ಬಿಚ್ಚಿ ಒಳಗೆ ನೋಡಬೇಕೆಂದು ಆರು ವರ್ಷದಲ್ಲಿ ಆಕೆಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಅವನ ಕೆಲಸಕ್ಕೆ ಕೈ ಹಾಕಿದರೆ ಎರಡು ದಿನ ಮುಖ ಊದಿಸಿಕೊಂಡು ಕೂರುತ್ತಾನೆ. ಯಾರಿಗೆ ಬೇಕು ಆ ರಗಳೆ ಎಂದು ಸುಮ್ಮನಾಗಿದ್ದಳು.

ಈ ಸಲ ಹೊರಟಿದ್ದು ಮಗಳ ಚೊಚ್ಚಲ ಹೆರಿಗೆಗೆ. ಮಗಳ ಊರು ಸಮುದ್ರದಲ್ಲಿ ಮೂರು ದಿನದ ದಾರಿ. "ಅಮ್ಮಾ, ನೋವು ಶುರುವಾದಾಗ ನೀನು ಪಕ್ಕದಲ್ಲಿರಬೇಕು ಅಷ್ಟೇ, ಬೇರೆ ಏನೂ ಬೇಡ ನಂಗೆ," ಎಂದಿದ್ದಳು ಮಗಳು. ಇರ್ತೀನಿ ಎಂದು ತಾಯಿ ಮಾತು ಕೊಟ್ಟಿದ್ದಳು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಹದಿನೆಂಟು ದಿನವಿತ್ತು.

ಮುನ್ನಾದಿನ ಬೆಳಿಗ್ಗೆ ಆಕೆ ಮೇಲಿನದನ್ನೆಲ್ಲ ನೋಡಿಕೊಂಡು ಇಳಿದಳು. ಹತ್ತಿ ಎಲ್ಲೂ ಸಿಕ್ಕಿರಲಿಲ್ಲ. ಜೋಲಿ ಬಿಚ್ಚಲು ಬಗ್ಗಿದಾಗ ಬಲಗಡೆಯ ತಂತಿಯ ಬುಡದಲ್ಲಿ, ಟೇಪಿನ ಅಂಚಿನಿಂದ ಚಹಾ ಬಣ್ಣದ ನೀರು ಇಳಿದ ಕಲೆ ಕಂಡಿತು. ನೂಲಿನ ಕತ್ತರಿ ಸೊಂಟದಲ್ಲೇ ಇತ್ತು, ಟೇಪ್ ಕತ್ತರಿಸಿದಳು. ಒಳಗೆಲ್ಲ ತೇವ, ತುಕ್ಕು. ತಂತಿ ಹೆಣೆದ ಹತ್ತೊಂಬತ್ತು ಎಳೆಗಳಲ್ಲಿ ನಾಲ್ಕು ತುಂಡಾಗಿದ್ದವು. ತಂತಿಗುಂಟ ಇಳಿದ ನೀರನ್ನು ಆ ಟೇಪು ಆರು ವರ್ಷ ಆರಲು ಬಿಟ್ಟಿರಲಿಲ್ಲ.

"ನಾಳೆ ಗಾಳಿ ಪಕ್ಕಾ ಕಣೇ! ಬೆಳಕಾಗ್ತಿದ್ದ ಹಾಗೆ ಬಿಡೋಣ," ಎಂದು ಗಂಡ ಒಳಗಿನಿಂದ ಕೂಗುತ್ತಿದ್ದ. ಆರು ವರ್ಷ ತಡೆದದ್ದು ಇನ್ನು ಮೂರು ದಿನ ತಡೆಯದೇ ಎಂದು ಆಕೆಗೆ ಅನ್ನಿಸಿದ್ದು ಸುಳ್ಳಲ್ಲ. ಟೇಪನ್ನು ಮತ್ತೆ ಒತ್ತಿ ನೋಡಿದಳು, ಅಂಟಿಕೊಂಡಿತು ಕೂಡ. ತನ್ನ ಮೇಲೇ ಹೇಸಿಗೆಯಾಗಿ ಕಿತ್ತು ತೆಗೆದಳು.

"ರೀ, ಸ್ವಲ್ಪ ಇಲ್ಲಿ ಬನ್ನಿ."

ಗಂಡ ಬಂದು ನೋಡಿದ. "ಯಾರು ಬಿಚ್ಚು ಅಂದ್ರು ನಿಂಗೆ?"

"ಯಾರೂ ಅನ್ನಲಿಲ್ಲ. ನಾನೇ ಯಾವತ್ತೋ ಬಿಚ್ಚಬೇಕಿತ್ತು."

ಗಂಡ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡ. ಶುರುವಾಯಿತಪ್ಪ ಎರಡು ದಿನದ ಮುನಿಸು ಎಂದುಕೊಂಡಳು. ಕಾಲು ಗಂಟೆಯೂ ಆಗಿರಲಿಲ್ಲ, ಬ್ಲೇಡು ಹಿಡಿದು ಹೊರಗೆ ಬಂದ. ಮಂಡಿ ಊರಲಾಗದೆ ಕೂತಲ್ಲೇ ಸರಿಯುತ್ತ, ಉಳಿದ ಏಳೂ ಕಡೆಯ ಟೇಪನ್ನು ತಾನೇ ಕೊಯ್ದ. ಇನ್ನೂ ಎರಡು ತಂತಿ ಹಾಳಾಗಿದ್ದವು.

"ನಡುನೀರಲ್ಲಿ ಕಂಬಾನ ನಿನ್ನ ತಲೆ ಮೇಲೆ ಬೀಳಿಸ್ತಿದ್ದೆ ಕಣೇ ನಾನು," ಎಂದ.

ಹೊಸ ತಂತಿ ಬರಲು ಆರು ದಿನ, ಕೂರಿಸಲು ಎರಡು, ದಾರಿಗೆ ಮೂರು. ಆಕೆ ಬೆರಳು ಮಡಚಿ ಎಣಿಸಿದಳು. ಇನ್ನೂ ಒಂದು ವಾರ ಉಳಿಯುತ್ತಿತ್ತು.

"ನೀನು ಬಸ್ಸಲ್ಲಿ ಹೋಗ್ಬಿಡು. ಕಂಬಕ್ಕೆ ಬೇರೆ ಯಾರನ್ನಾದ್ರೂ ಏರಿಸ್ತೀನಿ," ಎಂದ ಗಂಡ.

"ಅವರು ಏನು ಕಟ್ಟಿದ್ರೋ ಅಂತ ನೋಡದೆ ಮತ್ತೆ ಆರು ವರ್ಷ ಓಡಾಡೋದಾ? ಆಗಲ್ಲ. ವಾರ ಇದೆಯಲ್ಲ, ಮುಗಿಸ್ಕೊಂಡೇ ಹೋಗೋಣ."

ಎಂಟನೆಯ ದಿನ ಮಧ್ಯಾಹ್ನ ಆಕೆ ಕಂಬದ ತುದಿಯಲ್ಲಿದ್ದಳು. ಕೊನೆಯ ತಂತಿಯ ಕಣ್ಣನ್ನು ಕಂಬದ ತೂತಿಗೆ ಸರಿಹೊಂದಿಸಿ ಎಡಗೈಯಲ್ಲಿ ಒತ್ತಿ ಹಿಡಿದಿದ್ದಳು, ಅದನ್ನು ಕೂರಿಸುವ ಉಕ್ಕಿನ ಪಿನ್ನು ಬಾಯಲ್ಲಿ, ಹೊಲಿಗೆಯವರ ಅಭ್ಯಾಸ. ಕೆಳಗೆ ಗಂಡನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಹಗ್ಗವನ್ನು ವಿಂಚಿಗೆ ಇನ್ನೆರಡು ಸುತ್ತು ಬಿಗಿದು ಫೋನು ಎತ್ತಿದ. ಅಳಿಯ ಮಾತಾಡುತ್ತಿದ್ದ.

"ಹೆಣ್ಣು ಕಣೇ!" ಎಂದು ಗಂಡ ಮೇಲಕ್ಕೆ ಕೂಗಿದ. "ಬೆಳಗಿನ ಜಾವ ಹುಟ್ಟಿತಂತೆ! ಇಬ್ರೂ ಚೆನ್ನಾಗಿದ್ದಾರಂತೆ!"

ಆಕೆ ಬಾಯಿಂದ ಪಿನ್ನು ತೆಗೆದಳು. "ನನ್ನ ಕೇಳಿದ್ಲಂತಾ?"

ಗಂಡ ಫೋನಿನಲ್ಲಿ ಅಳಿಯನನ್ನು ಕೇಳಿದ. ಆಮೇಲೆ, "ಹೂಂ. ರಾತ್ರಿಯೆಲ್ಲ ಕೇಳ್ತಿದ್ಲಂತೆ," ಎಂದ.

ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಪಿನ್ನು, ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

"ಇಳಿಸ್ಲಾ?" ಎಂದ ಗಂಡ.

"ಬೇಡ, ಪಿನ್ ಇನ್ನೂ ಕೂತಿಲ್ಲ," ಎಂದಳು. "ನೀವು ಹಗ್ಗ ಬಿಡಬೇಡಿ."